ಕಾಯಿಲೆ ಬಿದ್ದ ಮನಸ್ಸಾಕ್ಷಿ

ನಿಜವಾದ ವಿಶ್ವಾಸಿಗೆ ಖಿನ್ನತೆಯ ಮಾತ್ರೆ ಬೇಕಿಲ್ಲ, ಅವನಿಗೆ ಬೇಕಾದದ್ದು ಪಶ್ಚಾತ್ತಾಪ ಎಂಬ ಮಾತನ್ನು ಈಚೆಗೆ ಸಭೆಯ ಯುವಕರ ಕೂಟವೊಂದರಲ್ಲಿ ಮತ್ತೆ ಕೇಳಿದೆ. ಹೇಳಿದವರು ಓದಿಕೊಂಡವರು, ಮೃದು ಮಾತಿನವರು. ನನಗೆ ಸಿಟ್ಟು ಬಂದದ್ದು ಅದಕ್ಕೇ. ಮೈದಾನಗಳಲ್ಲಿ ಮೈಕು ಹಿಡಿದು ರೋಗ ಓಡಿಸುವವರ ಜೊತೆ ನನಗೆ ವಾದವೇ ಇಲ್ಲ. ಎಲ್ಲವನ್ನೂ ಬಾಲ್ಯಕ್ಕೆ ಕಟ್ಟುವ ಫ್ರಾಯ್ಡ್ ಪಂಥದ ಬಗ್ಗೆಯೂ ಆಸಕ್ತಿ ಉಳಿದಿಲ್ಲ. ಆದರೆ ಆ ಯುವಕೂಟದ ಮಾತಿನ ಹಿಂದೆ ಗಟ್ಟಿ ಚಿಂತಕನೊಬ್ಬನಿದ್ದಾನೆ. ಅವನನ್ನು ಎದುರಿಸದೆ ಸಿಟ್ಟಾಗುವುದು ಸುಮ್ಮನೆ ಕೂಗಾಡಿದಂತೆ.

ಅವನು ಜೇ ಆಡಮ್ಸ್. ಅಮೆರಿಕದ ಪ್ರೆಸ್ಬಿಟೇರಿಯನ್ ಪಾದ್ರಿ, ಫಿಲಡೆಲ್ಫಿಯಾದ ವೆಸ್ಟ್‌ಮಿನ್‌ಸ್ಟರ್ ಸೆಮಿನರಿಯಲ್ಲಿ ಅಧ್ಯಾಪಕನಾಗಿದ್ದವನು. 1970ರಲ್ಲಿ ಬಂದ ಅವನ 'ಕಾಂಪಿಟೆಂಟ್ ಟು ಕೌನ್ಸೆಲ್' ಪುಸ್ತಕ ಸಂಪ್ರದಾಯನಿಷ್ಠ ಕ್ರೈಸ್ತರಲ್ಲಿ ಒಂದು ಚಳವಳಿಯನ್ನೇ ಹುಟ್ಟಿಸಿತು. ಮನೋವೈದ್ಯರು ಪಾದ್ರಿಗಳ ಕೆಲಸವನ್ನು ಕಸಿದುಕೊಂಡಿದ್ದಾರೆ, ಅದನ್ನು ಮರಳಿ ಪಡೆಯಬೇಕು ಎಂಬುದು ಅದರ ಕರೆ. ಹುಣ್ಣಿಗೆ, ಮಿದುಳಿನ ಗಡ್ಡೆಗೆ ವೈದ್ಯನಿದ್ದಾನೆ. ದೇಹದ ರೋಗವಲ್ಲದ ಮಿಕ್ಕ ಸಂಕಟಗಳು ಮನುಷ್ಯ ಬದುಕಿದ ರೀತಿಯಿಂದ ಬಂದವು, ಅವಕ್ಕೆ ದೇವರ ವಾಕ್ಯ ಸಾಕು. ಇವೆರಡರ ನಡುವೆ ಮೂರನೆಯ ಮೂಲ ಎಲ್ಲಿದೆ ಎಂದು ಅವನು ಕೇಳುತ್ತಾನೆ.

ಅವನು ಕೋಣೆಯಲ್ಲಿ ಕೂತು ಇದನ್ನು ಹೊಸೆದವನಲ್ಲ. 1965ರ ಬೇಸಿಗೆಯಲ್ಲಿ ಇಲಿನಾಯ್‌ನ ಸರಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ಮನಶ್ಶಾಸ್ತ್ರಜ್ಞ ಹೋಬರ್ಟ್ ಮೌರರ್ ಜೊತೆ ರೋಗಿಗಳ ಮಧ್ಯೆ ಕೂತವನು. ಅಲ್ಲಿ ಕಂಡ ಒಬ್ಬ ಹುಡುಗನ ಕತೆಯನ್ನು ಅವನು ಪುಸ್ತಕದಲ್ಲಿ ಹೇಳುತ್ತಾನೆ. ಸ್ಕಿಜೋಫ್ರೇನಿಯಾ ಎಂದು ವೈದ್ಯರು ಬರೆದುಕೊಟ್ಟಿದ್ದರು, ಹುಡುಗ ಹೆಚ್ಚುಕಡಿಮೆ ಮಾತು ಬಿಟ್ಟಿದ್ದ. ಪಟ್ಟು ಹಿಡಿದು ಕೇಳಿದಾಗ ನಿಜ ಹೊರಬಂತು: ನಾಟಕವೊಂದರ ರಂಗಸಾಮಗ್ರಿ ನೋಡಿಕೊಳ್ಳುವುದರಲ್ಲಿ ಓದು ಮರೆತು ಕಾಲೇಜಿನಲ್ಲಿ ಫೇಲಾಗುವ ಹಂತಕ್ಕೆ ಬಂದಿದ್ದ, ಅದನ್ನು ಮನೆಯಲ್ಲಿ ಹೇಳಲಾರದೆ ಕಾಯಿಲೆಯ ಹಿಂದೆ ಅಡಗಿದ್ದ. ಈ ಕತೆಯನ್ನು ನಾನು ನಂಬುತ್ತೇನೆ. ಅಂಥವರು ಇದ್ದಾರೆ. ಅವರಿಗೆ ರೋಗಿ ಎಂಬ ಪಟ್ಟ ಕೊಟ್ಟು ಸುಮ್ಮನಿರುವುದು ದಯೆಯಾಗಲಾರದು.

ನನ್ನ ಮೊದಲ ತಕರಾರು ಆ ಗಡಿಗೆರೆಯ ಮೇಲೆ. ಥೈರಾಯ್ಡ್ ಗ್ರಂಥಿ ಸೋತರೆ ಮನಸ್ಸೂ ಸೋಲುತ್ತದೆ. ಕೆಲವರಿಗೆ ಹುಚ್ಚೇ ಹಿಡಿದಂತಾಗುತ್ತದೆ. 1891ರಲ್ಲಿ ಜಾರ್ಜ್ ಮರ್ರಿ ಎಂಬ ಇಂಗ್ಲಿಷ್ ವೈದ್ಯ ಕುರಿಯ ಥೈರಾಯ್ಡ್ ರಸವನ್ನು ಚುಚ್ಚಿ ಅಂಥ ಒಬ್ಬ ಹೆಂಗಸನ್ನು ಎಬ್ಬಿಸಿದ. ಇವತ್ತು ಆಡಮ್ಸ್‌ನ ಶಿಷ್ಯರೂ ಅಂಥವಳನ್ನು ವೈದ್ಯನ ಬಳಿಗೇ ಕಳಿಸುತ್ತಾರೆ. ಮರ್ರಿಗಿಂತ ನೂರು ವರ್ಷ ಹಿಂದೆ ಅವಳಂಥವಳೇ ಇನ್ನೊಬ್ಬಳು ಪಾದ್ರಿಯ ಬಾಗಿಲು ತಟ್ಟಿದ್ದರೆ? ಪರೀಕ್ಷೆಯಲ್ಲಿ ಕಂಡದ್ದು ರೋಗ, ಕಾಣದ್ದು ಪಾಪ ಎಂದಾದರೆ, ಪಾಪದ ಸರಹದ್ದನ್ನು ಎಳೆಯುತ್ತಿರುವುದು ಸತ್ಯವೇದವಲ್ಲ, ಪ್ರಯೋಗಾಲಯ. ದೇವರ ವಾಕ್ಯಕ್ಕಾಗಿ ಇಷ್ಟು ಹೋರಾಡಿದವನು ಅದನ್ನೇಕೆ ಒಪ್ಪಿಕೊಂಡ?

ಇಲ್ಲಿ ಹಲವರು ಯೋಬನ ಗೆಳೆಯರನ್ನು ಎಳೆದು ತರುತ್ತಾರೆ. ಆ ಬಾಣ ಆಡಮ್ಸ್‌ಗೆ ತಾಗುವುದಿಲ್ಲ. ಪ್ರತಿ ನೋವಿನ ಹಿಂದೆ ನೊಂದವನದೇ ಒಂದು ಪಾಪವಿದೆ ಎಂದು ಅವನು ಹೇಳಲಿಲ್ಲ. ಯೋಬನನ್ನೂ ಹುಟ್ಟುಕುರುಡನನ್ನೂ ಅವನೇ ನೆನಪಿಸುತ್ತಾನೆ. ನಾನು ನೆಚ್ಚಿಕೊಂಡದ್ದು ಎಲೀಯನನ್ನು. ಜಾಲಿಗಿಡದ ಕೆಳಗೆ ಮಲಗಿ ಸಾವನ್ನು ಬೇಡುವ ಪ್ರವಾದಿಗೆ ದೇವದೂತ ಮೊದಲು ಕೊಟ್ಟದ್ದು ರೊಟ್ಟಿ, ನೀರು, ಮತ್ತೆ ನಿದ್ದೆ. ಪಾಪದ ವಿಚಾರಣೆ ಅಲ್ಲಿ ಇಲ್ಲ. ಆದರೆ ಅಧ್ಯಾಯವನ್ನು ಮುಂದೆ ಓದಿದರೆ, ಹೋರೇಬಿನ ಗವಿಯಲ್ಲಿ ದೇವರು ಅವನನ್ನು ಕೇಳಿಯೇ ಕೇಳುತ್ತಾನೆ: ಇಲ್ಲಿ ನಿನಗೇನು ಕೆಲಸ? ಅದೂ ಎರಡು ಸಲ. ಹೀಗಾಗಿ ಕ್ರಮದ ಪ್ರಶ್ನೆಯಲ್ಲಿ ಮಾತ್ರ ನಾನು ಗೆದ್ದೆ. ಪ್ರಶ್ನೆಯನ್ನೇ ಕೇಳಬಾರದು ಎನ್ನಲು ಆ ಅಧ್ಯಾಯ ಬಿಡುವುದಿಲ್ಲ.

ಈಗ ನನ್ನ ಮುಖ್ಯ ಮಾತು. ಅದನ್ನು ಕಲಿತದ್ದು ಹುಬ್ಬಳ್ಳಿಯ ನಮ್ಮ ಮನೆಯಲ್ಲಿ. ನಾನು ಕಾಲೇಜಿನಲ್ಲಿದ್ದಾಗ ಅಮ್ಮನಿಗೆ ಮೊದಲು ನಿದ್ದೆ ಹೋಯಿತು, ಆಮೇಲೆ ಹಸಿವು, ಆಮೇಲೆ ಮಾತು. ಸಭಾಪಾಲಕರು ವಾರ ವಾರ ಬಂದು ಪಕ್ಕದಲ್ಲಿ ಕೂತು, ಬಚ್ಚಿಟ್ಟ ಪಾಪವೇನಾದರೂ ಇದ್ದರೆ ಕರ್ತನ ಮುಂದೆ ಅರಿಕೆ ಮಾಡಮ್ಮ ಎನ್ನುತ್ತಿದ್ದರು. ಅಮ್ಮ ಮಾಡುತ್ತಲೇ ಹೋದಳು. ಹುಡುಗಿಯಾಗಿದ್ದಾಗ ತಂಗಿಗೆ ಹೊಡೆದದ್ದು, ಅತ್ತೆಯ ಮೇಲೆ ಒಳಗೊಳಗೇ ಕುದ್ದದ್ದು. ಕೊನೆಗೆ, ನನಗಿಂತ ಮೊದಲು ಹುಟ್ಟಿ ತೀರಿಕೊಂಡ ಕೂಸನ್ನು ತಾನೇ ಕೊಂದೆ ಎಂದಳು. ಕೂಸು ಸತ್ತದ್ದು ಜ್ವರದಿಂದ. ಆಡಮ್ಸ್‌ನ ಪದ್ಧತಿ ನಿಂತಿರುವುದು ಮನಸ್ಸಾಕ್ಷಿ ನೆಟ್ಟಗಿದೆ ಎಂಬ ನಂಬಿಕೆಯ ಮೇಲೆ. ತೀವ್ರ ಖಿನ್ನತೆ ಕೆಡಿಸುವುದು ಅದನ್ನೇ. ಇಲ್ಲದ ತಪ್ಪನ್ನು ಹೊರುವುದು ಆ ಕಾಯಿಲೆಯ ಲಕ್ಷಣಗಳಲ್ಲೊಂದು. ಮುಳ್ಳು ಕೆಟ್ಟ ತಕ್ಕಡಿಯಲ್ಲಿ ಇಟ್ಟದ್ದೆಲ್ಲ ಭಾರ ತೂಗುವಂತೆ, ಅಮ್ಮನಿಗೆ ಪ್ರತಿ ನೆನಪೂ ಪಾಪವಾಯಿತು. ಕಡೆಗೆ ಚಿಕ್ಕಪ್ಪ ಅವಳನ್ನು ಧಾರವಾಡಕ್ಕೆ ಕರೆದೊಯ್ದರು. ನಮ್ಮ ಕಡೆ ಧಾರವಾಡಕ್ಕೆ ಹೋದರು ಎಂದರೆ ಯಾವ ಆಸ್ಪತ್ರೆಗೆ ಎಂದು ಯಾರೂ ಕೇಳುವುದಿಲ್ಲ. ಮಾತ್ರೆ ಶುರುವಾಗಿ ಕೆಲವು ವಾರಗಳಲ್ಲಿ ಅಮ್ಮ ನಿದ್ದೆ ಮಾಡಿದಳು.

ಇಲ್ಲಿಗೆ ನಿಲ್ಲಿಸಬಹುದಿತ್ತು, ಅಪ್ಪ ಇಲ್ಲದಿದ್ದರೆ. ಅಪ್ಪ ಕುಡಿಯುತ್ತಿದ್ದರು. ಇದೊಂದು ರೋಗ ಎಂದು ವೈದ್ಯರೊಬ್ಬರು ಹೇಳಿದ್ದನ್ನು ಅವರು ವರ್ಷಗಟ್ಟಲೆ ಆಶ್ರಯ ಮಾಡಿಕೊಂಡಿದ್ದರು. ಅದೇ ಸಭಾಪಾಲಕರು ಅದೇ ದನಿಯಲ್ಲಿ ಅದೇ ಪ್ರಶ್ನೆಯನ್ನು ಅವರಿಗೂ ಕೇಳಿದರು. ಅಪ್ಪ ಬೈದರು, ಚರ್ಚಿಗೆ ಬರುವುದನ್ನು ಬಿಟ್ಟರು. ಒಂದು ರಾತ್ರಿ ತಾವಾಗಿ ಅವರ ಮನೆಗೆ ಹೋಗಿ ಅತ್ತರು. ಮತ್ತೆ ಕುಡಿಯಲಿಲ್ಲ. ಎಲ್ಲ ಕುಡುಕರೂ ಹೀಗೆ ಬಿಡುತ್ತಾರೆ ಎನ್ನುತ್ತಿಲ್ಲ. ಎಷ್ಟೋ ಜನರಿಗೆ ಆಸ್ಪತ್ರೆಯಿಲ್ಲದೆ ಬಿಡಲಾಗದು. ಆದರೆ ನಮ್ಮ ಮನೆಯಲ್ಲಿ ಪಾಪ ಎಂಬ ಮಾತು ಒಬ್ಬರನ್ನು ಸಾಯಿಸುತ್ತಿತ್ತು, ಇನ್ನೊಬ್ಬರನ್ನು ಬದುಕಿಸಿತು.

ಮನಸ್ಸಾಕ್ಷಿ ಆರೋಗ್ಯವಾಗಿದ್ದವರನ್ನು ಕೇಳಿ, ಇಲ್ಲದವರನ್ನು ಬಿಡಿ ಎಂದು ನಿಯಮ ಹಾಕೋಣವೆಂದರೆ ಬಾಗಿಲಲ್ಲಿ ನಿಂತು ಅದನ್ನು ಅಳೆಯುವವರು ಯಾರು? ಕುಡಿತವೂ ಮನಸ್ಸಾಕ್ಷಿಯನ್ನು ಕೆಡಿಸುತ್ತದೆ. ಆಡಮ್ಸ್‌ನಿಂದ ನಾನು ಕೇಳಿದ ಗೆರೆಯನ್ನು ನನಗೂ ಎಳೆಯಲಾಗುತ್ತಿಲ್ಲ. ಮಾತ್ರೆಯಿಂದ ವಾಸಿಯಾಯಿತು, ಆದ್ದರಿಂದ ಅದು ದೇಹದ್ದೇ ರೋಗ ಎಂಬ ವಾದವೂ ಪೂರ್ತಿ ನಿಲ್ಲುವುದಿಲ್ಲ. ದುಃಖದಿಂದ ಬಂದ ತಲೆನೋವೂ ಮಾತ್ರೆಗೆ ಇಳಿಯುತ್ತದೆ. ಬಚ್ಚಿಟ್ಟ ಅಪರಾಧವೇ ಮನೋವ್ಯಥೆಯ ಬೇರು ಎಂದು ಕಲಿಸಿದ ಮೌರರ್ ಬದುಕಿಡೀ ಖಿನ್ನತೆಯೊಡನೆ ಸೆಣಸಿ 1982ರಲ್ಲಿ ತನ್ನ ಜೀವ ತಾನೇ ತೆಗೆದುಕೊಂಡ. ಅದನ್ನು ಅವನ ವಿರುದ್ಧ ಸಾಕ್ಷಿಯಾಗಿ ಹಿಡಿಯಲು ನನಗೆ ಮನಸ್ಸಿಲ್ಲ. ಔಷಧಿಯನ್ನೇ ನಂಬಿದ ಎಷ್ಟೋ ಜನರನ್ನೂ ಆ ಕತ್ತಲು ಬಿಡಲಿಲ್ಲ.

ಅಮ್ಮ ಗುಣವಾದ ಮೇಲೆ ಒಮ್ಮೆ ನಾನು ಆ ಸಭಾಪಾಲಕರ ಬಗ್ಗೆ ಕಟುವಾಗಿ ಆಡಿದೆ. ಅಮ್ಮ ತಡೆದಳು. ಕೂಸಿನ ವಿಷಯ ಹುಚ್ಚು, ನನಗೆ ಗೊತ್ತು, ಆದರೆ ಅತ್ತೆಗೆ ನಾನು ಮಾಡಿದ್ದು ಸುಳ್ಳಲ್ಲ, ಅದನ್ನು ಹೇಳಿಕೊಳ್ಳಬೇಕಿತ್ತು, ಅವರು ಕೇಳದಿದ್ದರೆ ಯಾರು ಕೇಳುತ್ತಿದ್ದರು ಎಂದಳು. ಆಗ ಅವಳು ಚೆನ್ನಾಗಿ ಉಂಡು ಮಲಗುತ್ತಿದ್ದಳು, ಶಾಲೆಯ ಕೆಲಸಕ್ಕೆ ಮರಳಿದ್ದಳು. ಆ ಮಾತನ್ನು ಕಾಯಿಲೆಯ ಉಳಿಕೆ ಎಂದು ತಳ್ಳಿಹಾಕಿದರೆ, ಮನುಷ್ಯ ತನ್ನ ಬಗ್ಗೆ ಹೇಳಿಕೊಂಡ ಸತ್ಯವನ್ನು ಲಕ್ಷಣವಾಗಿ ಇಳಿಸುತ್ತೀರಿ ಎಂದು ಆಡಮ್ಸ್ ಯಾರ ಮೇಲೆ ಸಿಟ್ಟಾಗಿದ್ದನೋ ಅವರ ಸಾಲಿನಲ್ಲಿ ನಾನೂ ನಿಲ್ಲುತ್ತೇನೆ. ತಳ್ಳಿಹಾಕದಿದ್ದರೆ, ಅವಳನ್ನು ಸಾವಿನ ಅಂಚಿಗೆ ತಂದ ಪ್ರಶ್ನೆಗೆ ಒಂದು ನಿಜವಾದ ಉತ್ತರವೂ ಇತ್ತು ಎಂದು ಒಪ್ಪಬೇಕು. ಅಷ್ಟನ್ನು ಒಪ್ಪಲು ನನಗೆ ಇವತ್ತಿಗೂ ಆಗಿಲ್ಲ.