ತಂಗಳ ನೈವೇದ್ಯ

ಉತ್ತರ ಜರ್ಮನಿಯ ಗೃಹಿಣಿಯರು ಬೇಸಗೆಯಲ್ಲಿ ಕೆಂಪು ಕರಂಟು, ರಾಸ್‌ಬೆರಿ ಹಣ್ಣುಗಳನ್ನು ಕುದಿಸಿ, ರವೆಯನ್ನೋ ಪಿಷ್ಟವನ್ನೋ ಬೆರಸಿ ಗಟ್ಟಿಗೊಳಿಸಿ, ತಣ್ಣಗಾದ ಬಳಿಕ ಹಾಲೋ ಕೆನೆಯೋ ಸುರಿದು ಬಡಿಸುವ ‘ರೋಟೆ ಗ್ರ್ಯುಟ್ಸೆ’ ಎಂಬ ಭಕ್ಷ್ಯವು, ಈಗ ಭೋಜನಾಂತ್ಯದ ಸವಿಯೆನಿಸಿದ್ದರೂ, ಮೂಲದಲ್ಲಿ ನುಚ್ಚಿನ ಗಂಜಿಯ ವಂಶದ್ದೇ ಆಗಿದೆ. ಸಿಂಧನೂರು, ಲಿಂಗಸುಗೂರುಗಳ ಬಿಸಿಲಿನಲ್ಲಿ ಅದರ ಬಂಧುವೆಂದರೆ ಜೋಳದ ಅಂಬಲಿ: ರಾತ್ರಿ ಹಿಟ್ಟನ್ನು ಕಲಸಿಟ್ಟು, ಹುಳಿಯೇರಿದ ಮೇಲೆ ಕಾಯಿಸಿ, ಆರಿಸಿ, ಮಜ್ಜಿಗೆ ಬೆರಸಿ, ಉಳ್ಳಾಗಡ್ಡಿ ಕಚ್ಚಿಕೊಂಡು ಕುಡಿಯುವಂಥದು. ತುಂಗಭದ್ರೆಯ ಎಡದಂಡೆಯ ಕಾಲುವೆಯು ಸಿಂಧನೂರನ್ನು ಭತ್ತದ ಸೀಮೆಯಾಗಿಸಿದ ಮೇಲೂ ಎರೆಹೊಲದ ಈ ತಂಪು ಮನೆಗಳನ್ನು ಬಿಟ್ಟು ಹೋಗಿಲ್ಲ.

ಇಂಥ ಅಂಬಲಿಯನ್ನು ದೇವರ ಮುಂದಿಡಬಹುದೆ? ರಾತ್ರಿ ಕಳೆದು ರಸಗೆಟ್ಟ ಆಹಾರವು ತಾಮಸರಿಗೆ ಪ್ರಿಯವಾದುದೆಂದು ಗೀತೆಯ 17ನೆಯ ಅಧ್ಯಾಯವು ಹೇಳುತ್ತದೆ. ಪುರಾಣಕಥೆಯಾದರೋ ಬೇರೆ: ಕರಿಕಾಲ ಚೋಳನ ಕುದುರೆಗಳಿಗೆ ಹುಲ್ಲು ತರುತ್ತಿದ್ದ ಮಾದಾರ ಚೆನ್ನಯ್ಯನು ಗುಪ್ತಭಕ್ತಿಯಿಂದ ಅರ್ಪಿಸಿದ ಅಂಬಲಿಯನ್ನು ಶಿವನು ಸವಿದುಂಡನಂತೆ, ಅರಸನ ನೈವೇದ್ಯವನ್ನು ಮುಟ್ಟಲಿಲ್ಲವಂತೆ. ಭಕ್ತಿಯನ್ನು ಕಂಡು ದೇವರು ಅಂಬಲಿಯ ದೋಷವನ್ನು ಮನ್ನಿಸಿದನೆಂದು ಪೌರಾಣಿಕರು ಅರ್ಥ ಹೇಳುವುದುಂಟು, ನನಗದು ಒಪ್ಪಿಗೆಯಿಲ್ಲ. ಮನ್ನಿಸಿದನೆಂದರೆ ದೋಷವು ಉಳಿದೇ ಇತ್ತೆಂದಾಯಿತು. ಉಂಡ ಮನೆಯ ಅನ್ನವನ್ನು ಮನ್ನಿಸುವ ಅತಿಥಿಯು ಆ ಮನೆಯವರನ್ನು ಗೌರವಿಸಿದಂತಾಗಲಿಲ್ಲ. ಪಂಚಾಮೃತದ ಮೊಸರೂ ರಾತ್ರಿಯೆಲ್ಲ ಹುಳಿಯುವುದಲ್ಲವೆ? ಅದನ್ನು ತಂಗಳೆಂದು ದೂರವಿಟ್ಟ ಅರ್ಚಕರನ್ನು ನಾನು ಕಾಣೆ. ಹುಳಿಯುವುದು ಬೇರೆ, ಹಳಸುವುದು ಬೇರೆ ಎಂಬುದು, ವ್ಯಾಖ್ಯಾನಕಾರರಿಗೆ ತಿಳಿಯದಿದ್ದರೂ, ಅಡುಗೆಮನೆಯ ಯಾವ ಮುದುಕಿಗೂ ತಿಳಿದ ಮಾತು. ಆದ್ದರಿಂದ ಅಂಬಲಿಯ ಮೇಲಿನ ಆಕ್ಷೇಪವು ಕಾಲವನ್ನು ಕುರಿತುದಲ್ಲ, ಗಡಿಗೆಯನ್ನು ಹಿಡಿದ ಕೈಯನ್ನು ಕುರಿತದ್ದು.

ಈ ವಿವಾದವು ನಮ್ಮ ಸೀಮೆಗೆ ಹೊಸತೇನಲ್ಲ. ಚಿನ್ನದ ಗಣಿಯ ಎಂಜಿನಿಯರನಾದ ಬೀಡನ್ ಎಂಬಾತನು 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಕಂಡ ಬ್ರಾಹ್ಮೀಲಿಪಿಯ ಶಾಸನವು ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳಿದ್ದಕ್ಕಾಗಿ ಚರಿತ್ರಕಾರರಲ್ಲಿ ಪ್ರಸಿದ್ಧವಾಯಿತು. ಆದರೆ ನನಗೆ ಹೆಚ್ಚಿನದಾಗಿ ತೋರುವುದು ಅದರ ಇನ್ನೊಂದು ಮಾತು. ಹಿಂದೆ ಮನುಷ್ಯರೊಡನೆ ಬೆರೆಯದಿದ್ದ ದೇವತೆಗಳು ಈಗ ಬೆರೆತರೆಂದೂ, ಧರ್ಮನಿಷ್ಠನಾದ ಅಲ್ಪನೂ ಈ ಪದವಿಯನ್ನು ಪಡೆಯಬಲ್ಲನೆಂದೂ, ದೊಡ್ಡವರಿಗೆ ಮಾತ್ರ ಅದು ಸಾಧ್ಯವೆಂದು ತಿಳಿಯಬಾರದೆಂದೂ ಅದರ ತಾತ್ಪರ್ಯ. ದೇವತೆಗಳು ಬೆರೆತರೆಂಬುದಕ್ಕೆ ವಿದ್ವಾಂಸರು ನಾನಾ ಅರ್ಥಗಳನ್ನು ಕಲ್ಪಿಸಿದ್ದಾರೆ, ಅದಿರಲಿ; ಪಂಕ್ತಿಯಲ್ಲಿ ಕೂಡಿ ಉಣ್ಣದೆ ಬೆರೆಯುವುದೆಂತು?

ಹನ್ನೆರಡನೆಯ ಶತಮಾನದಲ್ಲಿ, ಬ್ರಾಹ್ಮಣಕುಲದಲ್ಲಿ ಹುಟ್ಟಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನು ಈ ಚೆನ್ನಯ್ಯನನ್ನು ತನ್ನ ತಂದೆಯೆಂದು ಕರೆದನು. ಹಾಗೆ ಕರೆದವನಿಗೆ ತಂದೆಯ ಬಟ್ಟಲಿನಲ್ಲಿ ದೋಷವೆಣಿಸುವ ಅಧಿಕಾರವೂ ಉಳಿಯಲಿಲ್ಲ, ಅದನ್ನು ಮನ್ನಿಸುವ ಔದಾರ್ಯಕ್ಕೆ ಎಡೆಯೂ ಉಳಿಯಲಿಲ್ಲ.