ಮಗುವಿನ ದುಡಿಮೆ ಕಾಯಕವಾಗಬಲ್ಲುದೆ?

ಶರಣರು ದುಡಿಮೆಯನ್ನು ಪೂಜೆಗೆ ಸಮನಾಗಿ ಎಣಿಸಿದರೆಂಬುದು ಸದ್ಭಕ್ತರೆಲ್ಲರಿಗೂ ವಿದಿತವಾದ ಸಂಗತಿ. ಆದರೆ ಈ ತತ್ತ್ವವನ್ನೇ ಮರೆಮಾಡಿಕೊಂಡು, "ಎಳೆಯ ಕೈ ದುಡಿದರೆ ತಪ್ಪೇನು? ಬಡವರ ಮಗುವಿಗೆ ಅನ್ನವಾದರೂ ದೊರೆಯುವುದಲ್ಲ!" ಎಂದು ವಾದಿಸುವವರೂ ಉಂಟು.

ರಾಮನಗರ, ಮಾಗಡಿಗಳ ರೇಷ್ಮೆಯ ಉದ್ಯಮದಲ್ಲಿ ಬಹುಕಾಲ ನಡೆದು ಬಂದ ಪದ್ಧತಿಯೊಂದನ್ನು ನೋಡಬಹುದು. ಮದುವೆಗೋ ಕಾಯಿಲೆಗೋ ತಂದೆತಾಯಿಗಳು ಮುಂಗಡ ಪಡೆಯುವರು. ಅದು ತೀರುವವರೆಗೆ ಮಗು ದುಡಿಯಬೇಕು. ಗೂಡು ಬೇಯುವ ಬಿಸಿನೀರಿನಲ್ಲಿ ಕೈಯದ್ದಿ ಎಳೆಯ ತುದಿಯನ್ನು ಹುಡುಕುವ ಕೆಲಸ. ಕೂಲಿಯ ಬಹುಭಾಗ ಸಾಲಕ್ಕೇ ಜಮೆ. ನಡುವೆ ಮತ್ತೊಂದು ಕಾಯಿಲೆ ಬಂದರೆ ಮತ್ತೊಂದು ಮುಂಗಡ.

ಇದು ಕಾಯಕವಾದೀತೆ? ಕಾಯಕವೆಂಬುದು ಅರಿತು ಒಪ್ಪಿಕೊಂಡ ದುಡಿಮೆ. ಅದರ ಫಲವು ದಾಸೋಹಕ್ಕೆ ಸಲ್ಲತಕ್ಕದ್ದು. ಅರಿಯುವ ವಯಸ್ಸೇ ಬಾರದ ಶಿಶುವಿನ ಒಪ್ಪಿಗೆ ಎಲ್ಲಿಯದು? ದುಡಿಯುವ ಮೊದಲೇ ಕೂಲಿಯು ತೀರಿಹೋಗಿರುವಾಗ ಆ ಮಗು ದಾಸೋಹಕ್ಕೆ ಏನನ್ನು ತಂದೀತು? ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಅದನ್ನು ಮರಳಿ ಸುರಿದು ಬರುವಂತೆ ಹೇಳಿದರಷ್ಟೆ. ನೆಲಕ್ಕೆ ಚೆಲ್ಲಿದ ಅಕ್ಕಿಯೇ ಆ ಮನೆಗೆ ಅಧಿಕವೆನಿಸಿದ ಮೇಲೆ, ಎಳೆಗೈಯಿಂದ ಉಳಿಸಿಕೊಂಡ ಕೂಲಿಯು ಯಾವ ಲೆಕ್ಕಕ್ಕೆ ಸೇರುವುದೆಂದು ಗೃಹಸ್ಥನೇ ಎಣಿಸಿ ನೋಡಲಿ.

ಧರ್ಮವು ಕಂಡ ಈ ಭೇದವನ್ನು ಕಾಯಿದೆಯೂ ಕಂಡಿದೆ. ಮನುಷ್ಯರ ಮಾರಾಟವನ್ನೂ ಬಿಟ್ಟಿದುಡಿಮೆಯನ್ನೂ ಸಂವಿಧಾನದ 23ನೆಯ ಅನುಚ್ಛೇದವು ನಿಷೇಧಿಸಿದೆ. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದೂ ಬಲಾತ್ಕಾರದ ದುಡಿಮೆಯೇ ಎಂದು ಸರ್ವೋಚ್ಚ ನ್ಯಾಯಾಲಯವು 1982ರಲ್ಲಿ ಸಾರಿತು. ಮಕ್ಕಳ ಸಾಗಾಟಕ್ಕೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯು ಕನಿಷ್ಠ 10 ವರ್ಷಗಳ ಸೆರೆಯನ್ನು ವಿಧಿಸುತ್ತದೆ. ಅಲ್ಲಿ "ತಾನಾಗಿಯೇ ಬಂದನು" ಎಂಬ ಮಾತಿಗೆ ಬೆಲೆಯಿಲ್ಲ.

14 ವರ್ಷದೊಳಗಿನವರನ್ನು ಯಾವ ಉದ್ಯೋಗಕ್ಕೂ ನೇಮಿಸಲಾಗದೆಂದು 2016ರ ತಿದ್ದುಪಡಿ ಹೇಳಿತಾದರೂ, ಶಾಲೆಯ ಬಳಿಕ ಮನೆಯವರ ಕಸುಬಿಗೆ ನೆರವಾಗಲು ಎಡೆಯಿಟ್ಟಿತು. ಚಿಕ್ಕಪ್ಪ, ಸೋದರಮಾವಂದಿರೂ ಆ ಮನೆಯವರಲ್ಲಿ ಸೇರಿದ್ದಾರೆ. ಮುಂಗಡಕ್ಕೆ ತಂದ ಹುಡುಗನನ್ನು "ಅಕ್ಕನ ಮಗ" ಎಂದು ಕರೆಯಲು ಎಷ್ಟು ಹೊತ್ತು ಬೇಕು!

ಹಾಗಾದರೆ ಬಡವರು ಉಣ್ಣುವುದೇನನ್ನು? ಪ್ರಶ್ನೆ ಹುಸಿಯಲ್ಲ. ಅಪಾಯದ ಉದ್ಯಮಗಳಲ್ಲಿ ಮಕ್ಕಳನ್ನು ದುಡಿಸಿದ ಮಾಲಿಕನು ಮಗುವೊಂದಕ್ಕೆ 20,000 ರೂಪಾಯಿಗಳನ್ನು ನಿಧಿಗೆ ಕಟ್ಟಬೇಕು, ಸರ್ಕಾರವು ಆ ಮನೆಯ ವಯಸ್ಕರೊಬ್ಬರಿಗೆ ಕೆಲಸ ಕೊಡಬೇಕು, ಇಲ್ಲವೇ 5,000 ರೂಪಾಯಿ ಸೇರಿಸಬೇಕು ಎಂದು 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆಜ್ಞಾಪಿಸಿದ್ದು ಈ ಹಸಿವನ್ನು ಬಲ್ಲುದರಿಂದಲೇ. ಅನ್ನಕ್ಕಾಗಿ ದುಡಿಯಬೇಕಾದವರು ಹಿರಿಯರು.

ಇನ್ನು ಮುಂಗಡದ ಮಾತು. 1976ರ ಜೀತಪದ್ಧತಿ ರದ್ದತಿ ಕಾಯಿದೆಯಂತೆ ಜೀತದ ಸಾಲವು ಅಳಿದುಹೋಗಿದೆ. ಅದನ್ನು ಮತ್ತೆ ಪಡೆದವನಿಗೆ 3 ವರ್ಷಗಳವರೆಗೆ ಸೆರೆ. ಅದು ಜೀತದ ಸಾಲವೆಂದು ದುಡಿದವರು ಹೇಳಿದರೆ, ಅಲ್ಲವೆಂದು ಸಾಧಿಸುವ ಹೊಣೆ ಕೊಟ್ಟವನದು. ಅಕ್ಷರವರಿಯದ ತಾಯಿಯು ಕೈಯಲ್ಲಿ ಕಾಗದವಿಲ್ಲವೆಂದು ಅಂಜಬೇಕಾಗಿಲ್ಲ; ಲೆಕ್ಕದ ಪುಸ್ತಕವನ್ನು ಬಿಚ್ಚಬೇಕಾದವನು ಧಣಿ.