ದೇಶಗಳ ತಾರತಮ್ಯ ವಿಚಾರ

ದೇಶದ ಏಳಿಗೆಯನ್ನು ಯಾವ ಮಾನದಿಂದ ಅಳೆಯತಕ್ಕುದೆಂಬುದು ವಿಚಾರಣೀಯವು. 1990ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದವರು ಧನವೊಂದನ್ನೇ ನೆಚ್ಚದೆ, ಆಯುಸ್ಸು, ವಿದ್ಯೆ, ವರಮಾನಗಳೆಂಬ ಮೂರನ್ನೂ ಸೇರಿಸಿ ಮಾನವಾಭಿವೃದ್ಧಿ ಸೂಚ್ಯಂಕವನ್ನು ಪ್ರಕಟಿಸಿದರು. ಮೊದಲು ಮೂರನ್ನು ಕೂಡಿ ಭಾಗಿಸುತ್ತಿದ್ದರು. 2010ರಿಂದ ಗುಣಿಸಿ ಘನಮೂಲವನ್ನು ತೆಗೆಯುವರು. ಇದರಿಂದ ವಿದ್ಯೆಯ ಕೊರತೆಯನ್ನು ಧನದ ಹೆಚ್ಚಳವು ಸುಲಭವಾಗಿ ಮುಚ್ಚಲಾರದು. ಗಣಿತದ ಈ ಕ್ರಮದಲ್ಲಿ ನೀತಿಯಿರುವುದು.

ಆದರೂ ಸರಾಸರಿಯೊಳಗೆ ಜನರು ಮರೆಯಾಗುವರು. ಚನ್ನಗಿರಿ ಸೀಮೆಗೆ ಸೂಳೆಕೆರೆಯ ನೀರುಂಟು, ಅಡಕೆಯ ತೋಟಗಳುಂಟು. ಅದೇ ಜಿಲ್ಲೆಯ ಜಗಳೂರಾದರೋ ಬರದ ಸೀಮೆ. ಎರಡನ್ನೂ ಕೂಡಿ ಭಾಗಿಸಿದ ಅಂಕಿಯಲ್ಲಿ ಬಾಯಾರಿದವನ ದಾಹವು ಅಡಗುವುದೇ ಹೊರತು ತೀರದು. 2002ರಲ್ಲಿ ಡಿ. ಎಂ. ನಂಜುಂಡಪ್ಪನವರ ಸಮಿತಿಯು ರಾಜ್ಯದ 175 ತಾಲ್ಲೂಕುಗಳನ್ನು ಬೇರೆಬೇರೆಯಾಗಿ ತೂಗಿ, 114ನ್ನು ಹಿಂದುಳಿದವೆಂದು ಎಣಿಸಿತು. ಆದುದರಿಂದ ದೇಶವನ್ನು ತೂಗುವವರು ಕಡೆಯ ಗ್ರಾಮದಿಂದ ಮೊದಲುಮಾಡುವುದು ಯುಕ್ತವು.